ಒಂದು ಹನಿ ನೆತ್ತರು, ಹನ್ನೆರಡು ಸುತ್ತು

2024ರ ಮೇ 18ರ ರಾತ್ರಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಮತ್ತು ಇಂಗ್ಲೆಂಡಿನ ಟೈಸನ್ ಫ್ಯೂರಿ ಹನ್ನೆರಡು ಸುತ್ತು ಗುದ್ದಾಡಿದರು. ಫ್ಯೂರಿ ಆರೂಮುಕ್ಕಾಲು ಅಡಿ ಎತ್ತರದ ಆಳು, ತೂಕ ಸುಮಾರು 119 ಕಿಲೊ. ಉಸಿಕ್ ಅವನಿಗಿಂತ ಅರ್ಧ ಅಡಿ ಗಿಡ್ಡ, ಹದಿನೇಳು ಹದಿನೆಂಟು ಕಿಲೊ ಹಗುರ. ಒಂಬತ್ತನೆಯ ಸುತ್ತಿನಲ್ಲಿ ಉಸಿಕ್‌ನ ಎಡಗೈ ಏಟುಗಳಿಗೆ ಫ್ಯೂರಿ ತತ್ತರಿಸಿ ಹಗ್ಗಕ್ಕೆ ಒರಗಿ ಓಲಾಡುತ್ತಿದ್ದಾಗ ರೆಫರಿ ಮಾರ್ಕ್ ನೆಲ್ಸನ್ ಇಬ್ಬರ ನಡುವೆ ನುಗ್ಗಿ ಎಣಿಕೆ ಶುರು ಮಾಡಿದರು. ಆ ಎಣಿಕೆಯಿಂದ ಫ್ಯೂರಿ ಉಳಿದುಕೊಂಡನೋ, ಇಲ್ಲ ಉಸಿಕ್‌ಗೆ ನಾಕ್‌ಔಟ್ ಗೆಲುವು ತಪ್ಪಿತೋ ಎಂದು ಬಾಕ್ಸಿಂಗ್ ಬಲ್ಲವರು ಆಮೇಲೆ ಬಹಳ ದಿನ ವಾದಿಸಿದರು. ಕೊನೆಗೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಉಸಿಕ್ ಕಡೆ, ಒಬ್ಬರು ಫ್ಯೂರಿ ಕಡೆ. ನಾಲ್ಕೂ ಪ್ರಮುಖ ಸಂಸ್ಥೆಗಳ ಹೆವಿವೇಟ್ ಪಟ್ಟ ಒಬ್ಬನೇ ಬಾಕ್ಸರನ ಸೊಂಟಕ್ಕೆ ಬಂದದ್ದು ಅದೇ ಮೊದಲು.

ಮೈಸೂರಿನಲ್ಲಿ ವಿಜಯದಶಮಿಯ ಬೆಳಿಗ್ಗೆ ನಡೆಯುವ ಕಾಳಗಕ್ಕೆ ಇಷ್ಟೆಲ್ಲ ಲೆಕ್ಕಾಚಾರವಿಲ್ಲ. ಅಂಬಾವಿಲಾಸ ಅರಮನೆಯ ಒಳಾಂಗಣದಲ್ಲಿ ಕೆಮ್ಮಣ್ಣು ಹರವಿ ಹದಮಾಡಿದ ಅಂಕಣ. ತಲೆ ಬೋಳಿಸಿ, ನೆತ್ತಿಯಲ್ಲಿ ಪುಟ್ಟದೊಂದು ಜುಟ್ಟು ಬಿಟ್ಟು, ಲಂಗೋಟಿ ಬಿಗಿದ ಜಟ್ಟಿಗಳು ಎದುರುಬದುರು ನಿಲ್ಲುತ್ತಾರೆ. ಬಲಗೈ ಬೆರಳುಗಳಿಗೆ ವಜ್ರಮುಷ್ಟಿ ಎಂಬ ಮೊನೆಯುಳ್ಳ ಆಯುಧ, ಎಡಗೈ ಬರಿದು. ರಾಜಮನೆತನದವರ ಮುಂದೆ ಉಸ್ತಾದರ ಸನ್ನೆಯಾದರೆ ಕಾಳಗ ಶುರು. ಯಾರದಾದರೂ ತಲೆಯಿಂದ ಮೊದಲ ಹನಿ ನೆತ್ತರು ಇಳಿಯಿತೆಂದರೆ ಅಲ್ಲಿಗೆ ಮುಗಿಯಿತು. ಎಷ್ಟೋ ಸಲ ಒಂದೆರಡು ನಿಮಿಷವೂ ಹಿಡಿಯುವುದಿಲ್ಲ. ನೆತ್ತರು ಕಂಡ ಮೇಲೆಯೇ ವಿಜಯಯಾತ್ರೆ ಭುವನೇಶ್ವರಿ ದೇವಾಲಯದ ಬನ್ನಿ ಮರದ ಕಡೆ ಹೊರಡುತ್ತದೆ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ಒಂದು ಕೋಟ್ಯಂತರ ಡಾಲರುಗಳ ವೃತ್ತಿ, ಇನ್ನೊಂದು ಹರಕೆಯಂತೆ ನಡೆದು ಬಂದ ಸಂಪ್ರದಾಯ. ಆದರೆ ಎರಡೂ ಉತ್ತರಿಸಬೇಕಾದ ಪ್ರಶ್ನೆ ಒಂದೇ. ಮನುಷ್ಯನ ತಲೆಗೆ ಮನುಷ್ಯ ಹೊಡೆಯುವುದನ್ನು ಸಮಾಜ ಒಪ್ಪಿಕೊಂಡ ಮೇಲೆ ಆ ಏಟನ್ನು ಎಲ್ಲಿ ನಿಲ್ಲಿಸಬೇಕು? ನಿಲ್ಲಿಸುವ ಅಧಿಕಾರ ಯಾರದು? ಏಟು ತಿಂದವನ ಮುಂದಿನ ಮೂವತ್ತು ವರ್ಷಗಳ ಹೊಣೆ ಯಾರದು? ಮೈಸೂರಿನಲ್ಲಿ ಈಗ ಬಾಕ್ಸಿಂಗ್, ಕಿಕ್ ಬಾಕ್ಸಿಂಗ್ ಕಲಿಸುವ ಜಿಮ್‌ಗಳು ಬಡಾವಣೆ ಬಡಾವಣೆಯಲ್ಲೂ ಎದ್ದಿರುವಾಗ ಇದು ದೂರದ ರಿಯಾದ್‌ನ ಮಾತಲ್ಲ.

ಗುದ್ದಾಟದ ಈ ನೆಲದ ಚರಿತ್ರೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ಮೈಕಟ್ಟು, ವಯಸ್ಸು, ಕಸುವಿನ ಮೇಲೆ ವಿಂಗಡಿಸುವುದು, ಅವರಿಗೆ ಎಂಥ ಊಟ ಕೊಡಬೇಕು, ಸಾಧನೆ ಹೇಗಿರಬೇಕು ಎಲ್ಲವನ್ನೂ ಅದು ಹೇಳುತ್ತದೆ. ಸಮಬಲರಲ್ಲದವರನ್ನು ಕಣಕ್ಕೆ ಬಿಡಬಾರದೆಂಬ ತಿಳಿವು ತೂಕದ ಯಂತ್ರ ಬರುವುದಕ್ಕೆ ಎಷ್ಟೋ ಮೊದಲೇ ಇತ್ತು ಎಂಬುದು ಇದರಿಂದ ತಿಳಿಯುತ್ತದೆ. ಊಟದ ಮಾತು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಮಲ್ಲನ ಹೊಟ್ಟೆ ಅರಮನೆಯ ಹೊಣೆ ಎಂದು ದೊರೆಯೇ ಬರೆದಿಟ್ಟಂತಾಯಿತು.

ಮುಂದೆ ವಿಜಯನಗರ. 1520ರ ಆಸುಪಾಸಿನಲ್ಲಿ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿನ ಮಲ್ಲರ ಕಾಳಗ ತಮ್ಮ ದೇಶದ ಕುಸ್ತಿಯಂತಲ್ಲ, ಹಲ್ಲು ಮುರಿಯುವ, ಕಣ್ಣು ಕೀಳುವ ಏಟುಗಳು ಬೀಳುತ್ತವೆ, ಕೆಲವರನ್ನು ಮಾತೇ ಹೊರಡದ ಸ್ಥಿತಿಯಲ್ಲಿ ಗೆಳೆಯರು ಹೊತ್ತೊಯ್ಯುತ್ತಾರೆ ಎಂದು ಬರೆದ. ಅವನ ನಂತರ ಬಂದ ಫೆರ್ನಾವೊ ನುನಿಜ್ ಇನ್ನೊಂದು ವಿವರ ಕೊಡುತ್ತಾನೆ: ಮಲ್ಲರ ಕೈಯಲ್ಲಿ ಮೊನೆಗಳಿರುವ ಬಳೆಯಂಥ ಆಯುಧವಿತ್ತು, ಹೆಚ್ಚು ಗಾಯಗೊಂಡವನು ದೊರೆಯಿಂದ ರೇಷ್ಮೆ ವಸ್ತ್ರದ ಉಡುಗೊರೆ ಪಡೆಯುತ್ತಿದ್ದ. ಗೆದ್ದವನಿಗಲ್ಲ, ಹೆಚ್ಚು ಪೆಟ್ಟು ತಿಂದವನಿಗೆ ಉಡುಗೊರೆ. ಬಾಕ್ಸಿಂಗಿನ ಚರಿತ್ರೆಯಲ್ಲಿ ನಾನು ಓದಿದ ಯಾವ ನಿಯಮವೂ ಇಷ್ಟು ಯೋಚಿಸುವಂತೆ ಮಾಡಿಲ್ಲ. ಇಂದಿನ ಹೆವಿವೇಟ್ ಒಪ್ಪಂದಗಳಲ್ಲಿ ಸೋತವನಿಗೂ ದೊಡ್ಡ ಪಾಲು ಇರುತ್ತದೆ ನಿಜ. ಆದರೆ ಅದು ಅವನ ಹೆಸರಿಗೆ ಸಿಗುವ ಬೆಲೆ, ಗಾಯಕ್ಕೆ ಸಲ್ಲುವ ಮರ್ಯಾದೆಯಲ್ಲ.

ವಿಜಯನಗರದ ಮಹಾನವಮಿಯನ್ನು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಮುಂದುವರಿಸಿದರು. ಆ ಹಬ್ಬದೊಂದಿಗೆ ಕಾಳಗವೂ ಬಂತು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿ ಸವಾಲು ಹಾಕಿದ್ದ ಜಟ್ಟಿಯನ್ನು ಮಣಿಸಿದ ಕಥೆ ಮೈಸೂರು ಸೀಮೆಯ ಮಕ್ಕಳಿಗೂ ಗೊತ್ತು. 1960ರಲ್ಲಿ ರಾಜ್‌ಕುಮಾರ್ ಅಭಿನಯದ ಚಿತ್ರ ಬಂದ ಮೇಲಂತೂ ಅದು ಮನೆಮಾತಾಯಿತು. ಹೈದರ್, ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಕೂಡ ಜಟ್ಟಿಗಳ ಕಾಳಗದ ಬಗ್ಗೆ ಬರೆದಿದ್ದಾನೆ. ಅದೇ ಕಾಲದ ಬರಹಗಳು ಜಟ್ಟಿಗಳ ಕೈಯಿಂದ ಮರಣದಂಡನೆಯ ಕೆಲಸವನ್ನೂ ಮಾಡಿಸಿದ್ದನ್ನು ಹೇಳುತ್ತವೆ. ಆಳುವವರ ಆಶ್ರಯದಲ್ಲಿದ್ದ ಬಲಕ್ಕೆ ಆಳುವವರ ಕೆಲಸ ಬೇಡವೆನ್ನುವ ಸ್ವಾತಂತ್ರ್ಯ ಇರಲಿಲ್ಲ. ಪರಂಪರೆಯನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳಬಾರದು.

ಗುಜರಾತಿನ ಮೋಢೇರಾ ಕಡೆಯಿಂದ ಬಂದು ನೆಲೆಸಿದವರೆಂದು ತಮ್ಮ ಮೂಲ ಹೇಳಿಕೊಳ್ಳುವ ಜಟ್ಟಿಗಳು ನಿಂಬಜಾ ದೇವಿಯ ಒಕ್ಕಲು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಮನೆತನಗಳಿಂದ ಪ್ರತಿವರ್ಷ ಕಾಳಗಕ್ಕೆ ಆಳುಗಳು ಬರುತ್ತಾರೆ. ಅವರಿಗೆ ಇದು ಹೊಟ್ಟೆಪಾಡಲ್ಲ. ಉಳಿದ ದಿನಗಳಲ್ಲಿ ಬೇರೆ ಉದ್ಯೋಗ, ನವರಾತ್ರಿ ಹತ್ತಿರವಾದಾಗ ವ್ರತ, ಸಾಧನೆ. ಎದುರಾಳಿ ಹಗೆಯಲ್ಲ, ಬಹುಪಾಲು ಪರಿಚಯದವನೇ. ಆಯುಧ ಮಾತ್ರ ಕ್ರೂರ. ದಂತದಲ್ಲೋ ಕೋಡಿನಲ್ಲೋ ಲೋಹದಲ್ಲೋ ಮಾಡಿದ ಮೊನೆಗಳು ಚರ್ಮಕ್ಕೆ ತಾಗಿದರೆ ಸೀಳುತ್ತವೆ. ಆದರೆ ಸೀಳಿದ ಕೂಡಲೇ ಕಾಳಗ ನಿಲ್ಲುತ್ತದೆ. ಹೊರಗಣ್ಣಿಗೆ ಭಯಂಕರವಾಗಿ ಕಾಣುವ ಈ ನೆತ್ತರೇ ಒಳಗಿನ ಮಿದುಳನ್ನು ಕಾಯುವ ಗಡಿಯೂ ಆಗಿದೆ ಎಂಬುದು ನನ್ನ ತಿಳಿವಳಿಕೆ. ಗ್ಲೌಸ್ ತೊಟ್ಟ ಕೈಯ ವಿಷಯ ಇದಕ್ಕೆ ತಿರುಗುಮುರುಗು.

1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಬಾಕ್ಸಿಂಗಿಗೆ ಗ್ಲೌಸ್ ತಂದವು, ಮೂರು ನಿಮಿಷದ ಸುತ್ತು ತಂದವು, ಬಿದ್ದವನಿಗೆ ಹತ್ತು ಎಣಿಸುವ ಪದ್ಧತಿ ತಂದವು. ಬರಿಗೈ ಗುದ್ದಾಟಕ್ಕಿಂತ ಇದು ಸಭ್ಯವಾಗಿ ಕಂಡಿತು. ಮುಖ ಹರಿಯುವುದು ಕಡಿಮೆಯಾಯಿತು, ಕೈಮೂಳೆ ಮುರಿಯುವುದೂ ಕಡಿಮೆಯಾಯಿತು. ಆದರೆ ಕೈಗೆ ನೋವಿಲ್ಲ ಎಂದಾದ ಮೇಲೆ ತಲೆಬುರುಡೆಗೆ ಪೂರ್ತಿ ಬಲದಿಂದ, ಸುತ್ತಿನ ಮೇಲೆ ಸುತ್ತು ಹೊಡೆಯುವುದು ಸಾಧ್ಯವಾಯಿತು. ಹೆವಿವೇಟ್ ಎಂದರೆ ಇಂದಿನ ವೃತ್ತಿಪರ ಲೆಕ್ಕದಲ್ಲಿ 200 ಪೌಂಡ್, ಅಂದರೆ ಸುಮಾರು 90.7 ಕಿಲೊಗಿಂತ ಮೇಲೆ. ಮೇಲ್ಮಿತಿಯೇ ಇಲ್ಲ. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ ಹೆವಿವೇಟ್ ಬಾಕ್ಸರ್ ಫ್ರ್ಯಾಂಕ್ ಬ್ರೂನೊ ಏಟನ್ನು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್. ಮನುಷ್ಯನ ತಲೆಗೆ ಬಿದ್ದಿದ್ದರೆ ಅದರ ಬಲ ಅರ್ಧ ಟನ್ನಿಗಿಂತ ಹೆಚ್ಚು ಎಂದು ಲೆಕ್ಕ ಹಾಕಿದರು. ಅಂಥ ಏಟಿಗೆ ತಲೆ ಗಕ್ಕನೆ ತಿರುಗುತ್ತದೆ, ಬುರುಡೆಯೊಳಗಿನ ಮಿದುಳು ಅದಕ್ಕಿಂತ ತಡವಾಗಿ ತಿರುಗುತ್ತದೆ. ಈ ಅಂತರದಲ್ಲಿ ನರತಂತುಗಳು ಜಗ್ಗುತ್ತವೆ, ಕೆಲವೊಮ್ಮೆ ರಕ್ತನಾಳ ಹರಿಯುತ್ತದೆ. ಒಂದು ಹನಿ ನೆತ್ತರೂ ಹೊರಗೆ ಕಾಣುವುದಿಲ್ಲ.

ಬಾಕ್ಸರುಗಳ ಮಿದುಳಿಗೆ ಕಾಲಾಂತರದಲ್ಲಿ ಏನಾಗುತ್ತದೆ ಎಂದು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ನಡಿಗೆ ತಡವರಿಸುವುದು, ಮಾತು ತೊದಲುವುದು, ಕೈ ನಡುಗುವುದು, ಕೊನೆಗೆ ಬುದ್ಧಿ ಮಂಕಾಗುವುದು. ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಬಹಳ ಹೆಣ ಬೀಳಬೇಕಾಯಿತು. 1982ರ ನವೆಂಬರಿನಲ್ಲಿ ಲಾಸ್ ವೇಗಾಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದ ಕೊರಿಯಾದ ಕಿಮ್ ಡುಕ್ ಕೂ ಮತ್ತೆ ಕಣ್ಣು ಬಿಡಲಿಲ್ಲ. ಅವನು ಹಗುರ ತೂಕದವನು. ಆದರೆ ಅವನ ಸಾವಿನ ಬಳಿಕ ಹದಿನೈದು ಸುತ್ತಿನ ಪಟ್ಟದ ಪಂದ್ಯಗಳು ಹನ್ನೆರಡಕ್ಕೆ ಇಳಿದವು, ಹೆವಿವೇಟಿನಲ್ಲೂ. ರಿಯಾದ್‌ನ ಆ ರಾತ್ರಿ ಹನ್ನೆರಡಕ್ಕೇ ನಿಂತದ್ದರ ಹಿಂದೆ ಇಪ್ಪತ್ತರ ಹರೆಯದ ಆ ತರುಣನ ಸಾವಿದೆ.

ನಿಲ್ಲಿಸುವ ಅಧಿಕಾರದ ವಿಷಯಕ್ಕೆ ಬಂದರೆ 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ನಡೆದ ಮುಹಮ್ಮದ್ ಅಲಿ–ಜೋ ಫ್ರೇಜರ್ ಪಂದ್ಯವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇದು ಅವರಿಬ್ಬರ ಮೂರನೆಯ ಮುಖಾಮುಖಿ. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಲಾ 25 ಲಕ್ಷ ಡಾಲರಿಗೆ ನಡೆದ ಮೊದಲ ಪಂದ್ಯವನ್ನು ಫ್ರೇಜರ್ ಗೆದ್ದಿದ್ದ, 1974ರ ಎರಡನೆಯದನ್ನು ಅಲಿ. ಮನಿಲಾದ ಸೆಕೆಯಲ್ಲಿ ಹದಿನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಫ್ರೇಜರನ ಕಣ್ಣು ಊದಿ ಮುಚ್ಚಿಕೊಂಡು ಎದುರಾಳಿಯ ಬಲಗೈ ಕಾಣದಂತಾಗಿತ್ತು. ಅಲಿಯೂ ನಿಲ್ಲಲಾರದ ಸ್ಥಿತಿಯಲ್ಲಿದ್ದ. ಇನ್ನೊಂದೇ ಸುತ್ತು ಬಾಕಿ. ಆಗ ಫ್ರೇಜರನ ಗುರು ಎಡ್ಡಿ ಫಚ್, ಶಿಷ್ಯ ಬೇಡವೆಂದರೂ ಕೇಳದೆ ಪಂದ್ಯ ನಿಲ್ಲಿಸಿದರು. ಹೆವಿವೇಟ್ ಚರಿತ್ರೆಯಲ್ಲಿ ಅಂಥ ದೊಡ್ಡ ತೀರ್ಮಾನ ನನಗೆ ಇನ್ನೊಂದು ಕಾಣುವುದಿಲ್ಲ. ಪಟ್ಟ, ದುಡ್ಡು, ಶಿಷ್ಯನ ಮುನಿಸು ಎಲ್ಲವನ್ನೂ ಒಂದು ಕಡೆ ಇಟ್ಟು ಅವನ ಜೀವವನ್ನು ಆರಿಸಿಕೊಂಡ ಉಸ್ತಾದ. 1980ರ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಎದುರು ಅಲಿ ಸುಮ್ಮನೆ ನಿಂತು ಏಟು ತಿನ್ನುತ್ತಿದ್ದಾಗ ಅವನ ಗುರು ಆಂಜೆಲೊ ಡಂಡಿಯೂ ಅದನ್ನೇ ಮಾಡಿದರು, ಆದರೆ ಹತ್ತು ಸುತ್ತು ಕಳೆದ ಮೇಲೆ. ಅಲಿಗೆ ಪಾರ್ಕಿನ್ಸನ್ ಇದೆಯೆಂಬ ವಿಷಯ 1984ರಲ್ಲಿ ಹೊರಬಂತು. ಮುಂದಿನ ಮೂವತ್ತೆರಡು ವರ್ಷ, 2016ರಲ್ಲಿ ಸಾಯುವವರೆಗೆ, ಜಗತ್ತಿನ ಅತ್ಯಂತ ಮಾತುಗಾರ ಬಾಕ್ಸರ್ ಮಾತು ಕಳೆದುಕೊಳ್ಳುತ್ತ ಬದುಕಿದ.

ದುಡ್ಡು ಹಾಕುವವರ ಚರಿತ್ರೆಯೂ ಗಮನಿಸಬೇಕಾದ್ದು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿ–ಜಾರ್ಜ್ ಫೋರ್‌ಮನ್ ಪಂದ್ಯಕ್ಕೆ ತಲಾ 50 ಲಕ್ಷ ಡಾಲರ್ ಸಿಕ್ಕಿದ್ದು ಜೈರ್ ದೇಶದ ಸರ್ವಾಧಿಕಾರಿ ಮೊಬುಟು ಕೃಪೆಯಿಂದ. ಮನಿಲಾ ಪಂದ್ಯದ ಬೆನ್ನಿಗೆ ಫಿಲಿಪೀನ್ಸ್‌ನ ಸರ್ವಾಧಿಕಾರಿ ಮಾರ್ಕೊಸ್ ಇದ್ದರು. ಈಗ ಹೆವಿವೇಟ್ ಬಾಕ್ಸಿಂಗಿನ ದೊಡ್ಡ ಪಂದ್ಯಗಳನ್ನು ಸೌದಿ ದೊರೆತನದ ದುಡ್ಡು ರಿಯಾದ್‌ಗೆ ಎಳೆದಿದೆ. ಉಸಿಕ್–ಫ್ಯೂರಿ ಮರುಪಂದ್ಯವೂ 2024ರ ಡಿಸೆಂಬರಿನಲ್ಲಿ ಅಲ್ಲೇ ನಡೆಯಿತು. ವೃತ್ತಿಪರ ಎಂದು ನಾವು ಕರೆಯುವುದು ಮತ್ತೆ ದರ್ಬಾರಿಗೆ ಹಿಂದಿರುಗಿದೆ. ವ್ಯತ್ಯಾಸವಿರುವುದು ಒಂದರಲ್ಲಿ: ಹಳೆಯ ದರ್ಬಾರು ಮಲ್ಲನನ್ನು ವರ್ಷಪೂರ್ತಿ ಸಾಕುತ್ತಿತ್ತು, ಹೊಸ ದರ್ಬಾರು ಒಂದು ರಾತ್ರಿಗೆ ಕೊಳ್ಳುತ್ತದೆ.

ಇಷ್ಟು ಗುದ್ದಾಟದ ನೆನಪಿರುವ ಮೈಸೂರಿನಲ್ಲಿ ಹೆವಿವೇಟ್ ಬಾಕ್ಸರುಗಳ ಪರಂಪರೆ ಏಕೆ ಬೆಳೆಯಲಿಲ್ಲ? ದೇಹಗಳಿಲ್ಲದೆ ಅಲ್ಲ. ನೂರು ಕಿಲೊ ದಾಟಿದ ಪೈಲ್ವಾನರನ್ನು ಈ ಊರಿನ ಗರಡಿಗಳು ತಲೆಮಾರುಗಟ್ಟಲೆ ಬೆಳೆಸಿವೆ. ಆದರೆ ಇಲ್ಲಿ ಮುಷ್ಟಿ ಒಂದು ಮನೆತನದ ವ್ರತವಾಗಿ ಅರಮನೆಯ ಒಳಗೆ ಉಳಿಯಿತು, ಪಟ್ಟು ಮಾತ್ರ ಊರಿನ ಸೊತ್ತಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರಂಥವರ ಪ್ರೋತ್ಸಾಹದಿಂದ ಕುಸ್ತಿ ಮೊಹಲ್ಲಾ ಮೊಹಲ್ಲಾಗಳಿಗೆ ಹಬ್ಬಿತು. ಗರಡಿಗೆ ಹೋಗುವ ಹುಡುಗನಿಗೆ ಜಾತಿ, ಧರ್ಮದ ಅಡ್ಡಿ ಕಡಿಮೆಯಿತ್ತು. ಗರಡಿಯ ಗುರುವನ್ನು ಕರೆಯುವ ಉಸ್ತಾದ್ ಎಂಬ ಉರ್ದು ಮಾತೇ ಅದಕ್ಕೆ ಸಾಕ್ಷಿ. ದಸರಾಕ್ಕೆ ಮುಂಚೆ ಜೋಡಿ ಕಟ್ಟುವ ದಿನ ಹಿರಿಯ ಪೈಲ್ವಾನರು ಹುಡುಗರ ಮೈಕಟ್ಟು ನೋಡಿ, ಯಾರಿಗೆ ಯಾರು ಸಾಟಿ ಎಂದು ತೀರ್ಮಾನಿಸುತ್ತಾರೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿ ನೋಡಲು ಸೇರುವ ಜನ, ದಸರಾ ಕಂಠೀರವ, ದಸರಾ ಕೇಸರಿ ಬಿರುದುಗಳು, ಹೆಗಲ ಮೇಲಿನ ಗದೆ ಇವೆಲ್ಲ ಬಲವುಳ್ಳ ಹುಡುಗನಿಗೆ ಊರು ಕೊಡುವ ಮರ್ಯಾದೆ. ಅದರ ಮುಂದೆ ಬಾಕ್ಸಿಂಗ್ ರಿಂಗ್ ಅವನನ್ನು ಸೆಳೆಯಲಿಲ್ಲ.

ಬಾಕ್ಸಿಂಗ್ ಈ ರಾಜ್ಯಕ್ಕೆ ಬಂದದ್ದು ದಂಡಿನ ಮೂಲಕ. ಅದಕ್ಕೇ ಮೊದಲ ಹೆಸರುಗಳು ಸೇನೆಯವು. ಕೊಡಗಿನ ಸಿ.ಸಿ. ಮಾಚಯ್ಯ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮುಟ್ಟಿದರು, ಅರ್ಜುನ ಪ್ರಶಸ್ತಿ ಪಡೆದರು. ಅವರು ಹೆವಿವೇಟ್ ಅಲ್ಲ. ಇತ್ತೀಚೆಗೆ ಕರ್ನಾಟಕದ ಹೆಸರಿನಲ್ಲಿ ರಾಷ್ಟ್ರೀಯ ಕಣಕ್ಕಿಳಿದ ನಿಶಾಂತ್ ದೇವ್ ಹರಿಯಾಣದ ಹುಡುಗ, ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ ಕ್ರೀಡಾ ತರಬೇತಿ ಸಂಸ್ಥೆಯಲ್ಲಿ ಪಳಗಿದವರು. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್, 2025ರ ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ವೃತ್ತಿಪರ ಬದುಕಿನ ಮೊದಲ ಗೆಲುವು. ಅವರೂ ಹೆವಿವೇಟ್ ಅಲ್ಲ, ಆ ಕಂಚು 71 ಕಿಲೊ ವರ್ಗದ್ದು. 2019ರಲ್ಲಿ ಸುದೀಪ್ ಅಭಿನಯದ ‘ಪೈಲ್ವಾನ್’ ಚಿತ್ರ ಕುಸ್ತಿಯಾಳನ್ನು ಬಾಕ್ಸಿಂಗ್ ರಿಂಗಿಗೆ ಇಳಿಸಿತ್ತು. ತೆರೆಯ ಮೇಲೆ ಸಲೀಸಾದ ಆ ದಾಟು ನೆಲದ ಮೇಲೆ ಕಷ್ಟ. ಕುಸ್ತಿಯಲ್ಲಿ ಎದುರಾಳಿಯ ಮೈಗೆ ಅಂಟಿಕೊಂಡು ಕಲಿತ ದೇಹಕ್ಕೆ ಕೈಯಳತೆಯ ದೂರ ಕಾಯ್ದುಕೊಳ್ಳುವುದನ್ನು ಮೊದಲಿನಿಂದ ಕಲಿಸಬೇಕು.

ಭಾರತದ ಹೆವಿವೇಟುಗಳ ಪಟ್ಟಿ ಚಿಕ್ಕದು, ಅದರಲ್ಲಿ ಪಂಜಾಬಿನ ಕೌರ್ ಸಿಂಗ್ ಎತ್ತರದ ಹೆಸರು. 1980ರ ಜನವರಿಯಲ್ಲಿ ದೆಹಲಿಗೆ ಬಂದಿದ್ದ ಅಲಿಯೊಂದಿಗೆ ಪ್ರದರ್ಶನ ಪಂದ್ಯದಲ್ಲಿ ಗ್ಲೌಸ್ ತಾಗಿಸಿದವರು, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದವರು, ಮರುವರ್ಷ ಪದ್ಮಶ್ರೀ ಪಡೆದವರು. ಇಂಥವರು ಇಳಿವಯಸ್ಸಿನಲ್ಲಿ ಹೃದಯದ ಚಿಕಿತ್ಸೆಗೆ ಸಾಲ ಮಾಡಬೇಕಾಯಿತು. ನೆರವಿಗೆ ಬಂದದ್ದು ಅವರು ದುಡಿದ ಸೇನೆ. 2023ರ ಏಪ್ರಿಲಿನಲ್ಲಿ ತೀರಿಕೊಂಡರು. ಒಲಿಂಪಿಕ್ಸ್‌ನ ಸೂಪರ್ ಹೆವಿವೇಟ್ ವರ್ಗಕ್ಕೆ ಅರ್ಹತೆ ಪಡೆದ ಮೊದಲ ಭಾರತೀಯ ಸತೀಶ್ ಕುಮಾರ್ ಟೋಕಿಯೊದಲ್ಲಿ ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡು ಉಜ್ಬೇಕಿಸ್ತಾನದ ಬಖೊದಿರ್ ಜಲೊಲೊವ್ ಎದುರು ಕ್ವಾರ್ಟರ್‌ಫೈನಲ್ ಆಡಿದರು. ದೇಶವೆಲ್ಲ ಅವರ ಧೈರ್ಯವನ್ನು ಕೊಂಡಾಡಿತು. ನನಗೂ ಆ ಧೈರ್ಯದ ಬಗ್ಗೆ ಗೌರವವಿದೆ. ಆದರೆ ಅವರನ್ನು ಆ ದಿನ ಕೂರಿಸಿದ್ದರೂ ಅಷ್ಟೇ ಕೊಂಡಾಡುವ ಮನಸ್ಸು ನಮಗೆ ಬೇಕಿತ್ತು.

2022ರ ಜುಲೈನಲ್ಲಿ ಮೈಸೂರಿನ ಒಬ್ಬ ತರುಣ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಸ್ಪರ್ಧೆಯಲ್ಲಿ ಎದುರಾಳಿಯ ಏಟು ತಲೆಗೆ ಬಿದ್ದು ಕುಸಿದ. ಆಸ್ಪತ್ರೆಯಲ್ಲಿ ಉಳಿಯಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಅವನ ಕಡೆಯವರು ದೂರಿದರು, ಸಂಘಟಕರ ಮೇಲೆ ಮೊಕದ್ದಮೆ ದಾಖಲಾಯಿತು. ಅವನು ಬಿದ್ದ ದೃಶ್ಯ ಎಷ್ಟೋ ಮೊಬೈಲುಗಳಲ್ಲಿ ಹರಿದಾಡಿತು. ತಲೆಯೊಳಗೆ ರಕ್ತ ಒಸರಿದರೆ ಸಮಯವೇ ಚಿಕಿತ್ಸೆ. ಬುರುಡೆಯ ಒತ್ತಡ ಇಳಿಸಲು ನರಶಸ್ತ್ರಚಿಕಿತ್ಸಕರ ಮೇಜಿಗೆ ಎಷ್ಟು ಬೇಗ ತಲುಪಿದರೆ ಅಷ್ಟು ಆಸೆ. ಅದಕ್ಕೆ ರಿಂಗಿನ ಪಕ್ಕದಲ್ಲಿ ವೈದ್ಯರು, ಬಾಗಿಲಲ್ಲಿ ಆಂಬುಲೆನ್ಸ್, ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲೇ ಮಾತಾಡಿಟ್ಟ ಏರ್ಪಾಡು ಬೇಕು. ಇದು ದೊಡ್ಡ ದುಡ್ಡಿನ ಕೆಲಸವಲ್ಲ. ಅಮೆಚೂರ್ ಬಾಕ್ಸಿಂಗಿನ ನಿಯಮದಲ್ಲಿ ತಲೆಗೆ ಏಟು ಬಿದ್ದು ಸೋತವನು ಕನಿಷ್ಠ 30 ದಿನ ರಿಂಗ್ ಹತ್ತುವಂತಿಲ್ಲ, ಸ್ವಲ್ಪ ದಿನದಲ್ಲೇ ಮತ್ತೆ ಹಾಗಾದರೆ 90 ದಿನ. ಅಭ್ಯಾಸದ ಗುದ್ದಾಟಕ್ಕೂ ಅದೇ ನಿಷೇಧ. ಬಡಾವಣೆಯ ಜಿಮ್‌ನಲ್ಲಿ ಕಲಿಯುವ ಹುಡುಗನ ಬಳಿ ಅವನ ಏಟುಗಳ ಲೆಕ್ಕವಿಡುವ ಒಂದು ಪುಸ್ತಕವಾದರೂ ಇರಬೇಡವೇ?

ಬಾಕ್ಸಿಂಗನ್ನು ನಿಷೇಧಿಸಿ ಎನ್ನುವ ವೈದ್ಯರ ವಾದ ನನಗೆ ಅರ್ಥವಾಗುತ್ತದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ನಿಷೇಧಿಸಿದ ಗುದ್ದಾಟ ನಿಲ್ಲುವುದಿಲ್ಲ, ಗೋದಾಮುಗಳಿಗೆ ಹೋಗುತ್ತದೆ, ಅಲ್ಲಿ ಎಣಿಸುವವರೂ ಇರುವುದಿಲ್ಲ. ಬಲವುಳ್ಳ ಬಡ ಹುಡುಗನಿಗೆ ಇದೊಂದು ದಾರಿ ಎಂಬುದೂ ಸುಳ್ಳಲ್ಲ. ಆದರೆ ಮೈಸೂರಿನಲ್ಲಿ ಹೆವಿವೇಟ್ ಪಂದ್ಯ ಏರ್ಪಡಿಸುತ್ತೇವೆಂದು ಯಾರಾದರೂ ಬಂದರೆ ನಾವು ಬಹುಮಾನದ ಮೊತ್ತ ಕೇಳುವ ಮೊದಲು ಕೇಳಬೇಕಾದ್ದು ಬೇರೆ ಇದೆ. ಜಟ್ಟಿ ಕಾಳಗದ ಉಸ್ತಾದನಿಗಿರುವಷ್ಟು ಅಧಿಕಾರ ನಿಮ್ಮ ರೆಫರಿಗೆ ಇದೆಯೇ? ಪಂದ್ಯ ನಿಲ್ಲಿಸಲೆಂದು ಗುರು ಟವೆಲ್ ಎಸೆದರೆ ಒಪ್ಪಂದದಲ್ಲಿ ಅವನಿಗೆ ದಂಡವಿಲ್ಲವೇ? ವಿಮೆ ಎಷ್ಟು, ಎಷ್ಟು ವರ್ಷಕ್ಕೆ? ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತದೆ. ಮೊತ್ತ ಸಣ್ಣದಿರಬಹುದು, ಆದರೆ ಮಟ್ಟಿಯಲ್ಲಿ ಸವೆದ ದೇಹದ ಹೊಣೆ ಸಮಾಜದ್ದೂ ಹೌದೆಂದು ಒಪ್ಪಿದ ಏರ್ಪಾಡು ಅದು. ದುಡ್ಡಿಗಾಗಿ ರಿಂಗ್ ಹತ್ತುವವರಿಗೆ ಟಿಕೆಟ್ ಹಣದ ಒಂದು ಪಾಲನ್ನು ಹೀಗೇ ತೆಗೆದಿಡಲು ಏನು ಅಡ್ಡಿ?

ದೊಡ್ಡಕೆರೆ ಮೈದಾನಕ್ಕೆ ಕೆ.ಆರ್. ಆಸ್ಪತ್ರೆಯೂ ಜೆಎಸ್‌ಎಸ್ ಆಸ್ಪತ್ರೆಯೂ ದೂರವಿಲ್ಲ. ಅಲ್ಲಿ ಇಂಥ ಪಂದ್ಯವೊಂದರ ಪೋಸ್ಟರ್ ಅಂಟಿಸುವ ದಿನ ಬಂದರೆ, ಇಬ್ಬರು ಬಾಕ್ಸರುಗಳ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ರಿಂಗ್ ಪಕ್ಕದ ವೈದ್ಯರ ಹೆಸರನ್ನೂ, ಪಂದ್ಯ ನಿಲ್ಲಿಸಬಲ್ಲ ರೆಫರಿಯ ಹೆಸರನ್ನೂ ಅಚ್ಚು ಹಾಕಲಿ. ಆ ಎರಡು ಹೆಸರು ಕೊಡಲಾಗದವರಿಗೆ ಪಾಲಿಕೆಯಾಗಲಿ ಪೊಲೀಸರಾಗಲಿ ಅನುಮತಿ ಕೊಡಬಾರದು.